ಪೋಕರಿನ ಮೀನು, ಚಿಂಚಲಿಯ ಅಕ್ಕಾತಾಯಿ

ರವಿವಾರದ ಊಟ ಮುಗಿಸಿ, ತೊಳೆದ ಪಾತ್ರೆಗಳನ್ನು ಬೋರಲು ಹಾಕಿ, ಸಿಪ್ಪೆಸಹಿತ ಶೇಂಗಾ ಹುರಿದು ಮೂರು ಪಾಲು ಮಾಡುವುದು ಚಿಕ್ಕೋಡಿಯ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಒಂದು ಪಾಲು ನನ್ನದು. ಇನ್ನೊಂದು, ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತಳಾಗಿ, ಈಗ ನಮ್ಮ ಎದುರುಮನೆಯಲ್ಲಿರುವ ಮಂಗಲಾಳದು. ಮೂರನೆಯದು ಅಕ್ಕಾತಾಯಿಯದು. ನಾನು ಚಿಂಚಲಿಯ ಅಂಚೆ ಕಚೇರಿಯಲ್ಲಿದ್ದಾಗ ಮನೆಗೆ ಎಮ್ಮೆಯ ಹಾಲು ಕೊಡಲು ಬರುತ್ತಿದ್ದ ಈಕೆ, ಹಾಲಿನ ಜೊತೆಗೆ ಹರಟೆಯನ್ನೂ ಅಳೆದು ಕೊಡುತ್ತ ಗೆಳತಿಯಾದವಳು. ಇಂದಿಗೂ ರಾಯಬಾಗದಲ್ಲಿ ಬಸ್ಸು ಬದಲಿಸಿಕೊಂಡು ಪ್ರತಿ ರವಿವಾರ ಇಸ್ಪೀಟಿಗೆ ಬರುತ್ತಾಳೆ.

ದುಡ್ಡಿಟ್ಟು ಆಡುವ ಪೈಕಿ ನಾವಲ್ಲ, ಗಾಬರಿಯಾಗಬೇಡಿ. ಪಣಕ್ಕೆ ಶೇಂಗಾ ಇಡುತ್ತೇವೆ. ತೊಂದರೆಯೆಂದರೆ, ಪಣಕ್ಕಿಟ್ಟದ್ದನ್ನು ಆಟ ಮುಗಿಯುವ ಮೊದಲೇ ನಾವೇ ಒಡೆದು ತಿಂದಿರುತ್ತೇವೆ. ಹೀಗಾಗಿ ಯಾರು ಗೆದ್ದರು, ಯಾರು ಸೋತರು ಎಂಬುದು ಈವರೆಗೆ ಒಮ್ಮೆಯೂ ಖಚಿತವಾಗಿಲ್ಲ. ಪೊಳ್ಳು ಶೇಂಗಾ ಪಣಕ್ಕೆ ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಒಮ್ಮೆ ಎದ್ದಾಗ, ಒಡೆಯುವತನಕ ನಡೆಯುತ್ತದೆ ಎಂದು ಮಂಗಲಾ ತನ್ನ ಕ್ಯಾಷಿಯರ್ ಗತ್ತಿನಲ್ಲಿ ತೀರ್ಪು ಕೊಟ್ಟಿದ್ದಾಳೆ.

ಇಷ್ಟಕ್ಕೆ ಸುಮ್ಮನಿರಬಾರದಿತ್ತೆ ನಾನು? ರಮ್ಮಿ ಬೇಸರವಾಯಿತೆಂದು ಮೊಬೈಲಿನಲ್ಲಿ ನೋಡಿ ಪೋಕರ್ ಕಲಿತೆ, ಇವರಿಬ್ಬರಿಗೂ ಕಲಿಸಿದೆ. ಆಟವೇನೋ ಸರಳ: ಕೈಯಲ್ಲಿ ಎರಡು ಎಲೆ, ನಡುವೆ ಹಂತಹಂತವಾಗಿ ತೆರೆದುಕೊಳ್ಳುವ ಐದು ಎಲೆ, ಈ ಏಳರಲ್ಲಿ ಒಳ್ಳೆಯ ಐದನ್ನು ಯಾರು ಜೋಡಿಸುತ್ತಾರೋ ಅವರದು ಗೆಲುವು. ಪ್ರತಿ ಹಂತದಲ್ಲೂ ಎದುರಿನವರು ಇಟ್ಟಷ್ಟು ಶೇಂಗಾ ನಾವೂ ಇಡಬೇಕು, ಇಲ್ಲವೇ ಹೆಚ್ಚಿಸಬೇಕು, ಇಲ್ಲವೇ ಎಲೆಗಳನ್ನು ಕೆಳಗಿಟ್ಟು ಕೈಕಟ್ಟಿ ಕೂಡಬೇಕು. ನನ್ನ ತಲೆ ಕೆಟ್ಟದ್ದು ಆಟದಿಂದಲ್ಲ, ಆಟಗಾರರಿಗೆ ಆ ಲೋಕದವರು ಇಟ್ಟ ಹೆಸರುಗಳಿಂದ.

ಕೇಳಿ. ದುರ್ಬಲ ಆಟಗಾರ ಮೀನಂತೆ, ಬಲಿಷ್ಠ ಆಟಗಾರ ಆ ಮೀನನ್ನು ನುಂಗುವ ಶಾರ್ಕ್ ಅಂತೆ. ಇರಲಿ ಎನ್ನೋಣ, ಕೃಷ್ಣೆಯ ಮೀನು ಕಂಡವರಿಗೆ ಅದು ಅಷ್ಟೇನೂ ದಡ್ಡ ಪ್ರಾಣಿಯಲ್ಲವೆಂದು ಗೊತ್ತು, ಶಾರ್ಕನ್ನಂತೂ ಅಥಣಿಯಿಂದ ಕಾಗವಾಡದವರೆಗೆ ಯಾರೂ ಕಂಡಿಲ್ಲ, ಆದರೂ ಇರಲಿ. ಆದರೆ ತಿಮಿಂಗಿಲ? ಎಲ್ಲಕ್ಕಿಂತ ದೊಡ್ಡದು, ಬಲಿಷ್ಠನೇ ಇರಬೇಕು ಎಂದುಕೊಂಡರೆ, ಅದು ಕೈತುಂಬ ಹಣವಿದ್ದೂ ಆಡಲು ಬಾರದವನ ಹೆಸರಂತೆ! ಬುದ್ಧಿಗೇಡಿ ಆಟ ಆಡಿದವ ಕತ್ತೆ. ಇಟ್ಟಿಗೆ ಹೊತ್ತು ಕೆಸರಿನಲ್ಲಿ ಒಂದು ಹೆಜ್ಜೆಯನ್ನೂ ತಪ್ಪಿಡದ ಕತ್ತೆಯನ್ನು ಆ ಹೆಸರಿಟ್ಟವರು ನೋಡಿದ್ದಾರೋ ಇಲ್ಲವೋ. ಎಲೆ ನೋಡದೆಯೇ ಪಣ ಹೆಚ್ಚಿಸುತ್ತ ಹೋಗುವವ ಹುಚ್ಚ. ರಾಜರಾಣಿಯರು ಕೈಗೆ ಬಂದರಷ್ಟೇ ಆಡಿ, ಉಳಿದಂತೆ ಕೆಳಗಿಟ್ಟು ಕೂಡುವವ ಬಂಡೆ. ಆತನೇ ಇನ್ನೂ ಜಿಪುಣನಾದರೆ ತಲೆಗೂದಲಿಗೆ ಅಂಟಿಕೊಂಡ ಸೀರು. ಇನ್ನು ಕೈಯಲ್ಲಿ ಏನಿರಲಿ ಇಲ್ಲದಿರಲಿ, ಪ್ರತಿ ಪಣಕ್ಕೂ ಹೂಂ ಎಂದು ಕೊನೆಯತನಕ ಕೂಡುವವರಿಗೆ ಕಾಲಿಂಗ್ ಸ್ಟೇಷನ್ ಎನ್ನುತ್ತಾರೆ. ಎಕ್ಸ್‌ಪ್ರೆಸ್ ಬಂದರೂ ಗೂಡ್ಸ್ ಬಂದರೂ ಹಸಿರು ಬಾವುಟ ತೋರಿಸುವ ಸ್ಟೇಷನ್ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮೀನುಗಳಲ್ಲೆಲ್ಲ ಇದೇ ಪಕ್ಕಾ ಮೀನು ಎಂದು ಬಲ್ಲವರ ಅಭಿಪ್ರಾಯ.

ಹೊಸದಾಗಿ ಕಲಿತವರಿಗೆ ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದಿದ್ದರೆ ನಿದ್ದೆ ಬರುವುದಿಲ್ಲ. ಅಕ್ಕಾತಾಯಿ ಆ ರವಿವಾರವೂ ಎಂದಿನಂತೆ ಪ್ರತಿ ಆಟಕ್ಕೂ ಶೇಂಗಾ ತಳ್ಳುತ್ತ, "ತೋರ್ಸ ನೋಡೂಣು" ಎಂದು ಕಣ್ಣರಳಿಸುತ್ತ, ಸೋತರೂ ಕಿಲಕಿಲ ನಗುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾತಾಯಿ, ಹಿಂಗ ಎಲ್ಲಾದಕ್ಕೂ ಹೂಂ ಅಂದ್ರ ಹೆಂಗಬೇ? ಇಂಥಾರಿಗೆ ಮೀನು ಅಂತಾರ. ಉಳದವ್ರ ಹೊಟ್ಟಿ ತುಂಬ್ಸಾಕ ಬಂದಾಕಿ ಅಂತ. ಕೈಯಾಗ ಛಲೋ ಎಲಿ ಇರ್ಲಿಕ್ಕಂದ್ರ ಕೆಳಗಿಟ್ಟ ಸುಮ್ಮ ಕುಂದ್ರಬೇಕು."

"ಅಗ ಬಾಯಿ!" ಎಂದು ಮಂಗಲಾ ತನ್ನ ನಿಪ್ಪಾಣಿಯ ಮರಾಠಿಯಲ್ಲಿ ಉದ್ಗರಿಸಿ ನಕ್ಕಳು. ಅಕ್ಕಾತಾಯಿ ನಗಲಿಲ್ಲ. "ಹೌದೇನಬೇ" ಎಂದಳು, ಅಷ್ಟೇ.

ಆಮೇಲೆ ಆಕೆ ನಾನು ಹೇಳಿದಂತೆಯೇ ಆಡಿದಳು. ಎಲೆ ನೋಡುವುದು, ಕೆಳಗಿಡುವುದು, ಕೈಕಟ್ಟಿ ಕೂಡುವುದು. ಒಂದು ಶೇಂಗಾವನ್ನೂ ಒಡೆದು ಬಾಯಿಗೆ ಹಾಕಿಕೊಳ್ಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ನಮ್ಮಿಬ್ಬರ ಪಾಲು ಹೊಟ್ಟೆ ಸೇರಿತ್ತು, ಆಕೆಯ ಪಾಲು ಬಹುತೇಕ ಹಾಗೆಯೇ ಉಳಿದಿತ್ತು. ನಮ್ಮ ಆಟದ ಇತಿಹಾಸದಲ್ಲಿ ಮೊದಲ ಸಲ ಒಬ್ಬರು ಸ್ಪಷ್ಟವಾಗಿ ಗೆದ್ದಿದ್ದರು, ಆದರೆ ಅಷ್ಟು ಕೆಟ್ಟ ಮಧ್ಯಾಹ್ನವನ್ನು ನಾನು ಕಂಡಿರಲಿಲ್ಲ.

ಮುಂದಿನ ರವಿವಾರ ಆಕೆ ಬರಲಿಲ್ಲ. ಫೋನು ಮಾಡಿದರೆ "ಎಮ್ಮಿ ಈದೈತಿ" ಎಂದಳು. ಅದರ ಮರುವಾರವೂ ಬರಲಿಲ್ಲ. ಆಗ ಕರುವಿಗೆ ಮೈ ಸರಿಯಿಲ್ಲವೆಂದಳು. ಮೂರನೆಯ ಪಾಲು ತಟ್ಟೆಯಲ್ಲಿ ಎರಡು ವಾರ ಮೆತ್ತಗಾಗುತ್ತ ಕೂತಿತು. ಮಂಗಲಾ ಮುಖಕ್ಕೆ ಹೊಡೆದಂತೆ ಹೇಳಿದಳು: "ಅಕಿ ಎಮ್ಮಿ ಈದದ್ದಕ್ಕ ಅಲ್ಲ, ನೀ ಮೀನು ಅಂದದ್ದಕ್ಕ ಬರವಲ್ಲಳು. ಹೋಗಿ ಕರ್ಕೊಂಡ ಬಾ." ನಾನು ಶೇಂಗಾ ಡಬ್ಬಿ, ಇಸ್ಪೀಟಿನ ಕಟ್ಟು ಚೀಲಕ್ಕೆ ಹಾಕಿಕೊಂಡು ಮರುದಿನವೇ ಚಿಂಚಲಿಯ ದಾರಿ ಹಿಡಿದೆ.

ಅಕ್ಕಾತಾಯಿಯ ಮನೆ ತುಂಬಿದ ಮನೆ: ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ನಾಲ್ಕು ಎಮ್ಮೆ. ಎಮ್ಮೆ ನಿಜವಾಗಿಯೂ ಈದಿತ್ತು, ಕರು ಅಂಗಳದ ತುಂಬ ಜಿಗಿದಾಡುತ್ತಿತ್ತು. ನಾನು ಹೋದಾಗ ಗಂಡುಮಕ್ಕಳಿಬ್ಬರೂ ಎಮ್ಮೆಗಳಿಗೆ ಮೇವು ಹಾಕುವ ಗೋದಲಿಯ ಹತ್ತಿರ ನಿಂತು ಹಳೆಯ ಎಮ್ಮೆಯೊಂದನ್ನು ಮಾರುವ ಮಾತಾಡುತ್ತಿದ್ದರು. ಅಕ್ಕಾತಾಯಿ ಸೆಗಣಿ ಕೈ ತೊಳೆದುಕೊಳ್ಳುತ್ತ, "ಅದು ಇನ್ನೂ ಎರಡ ಸೂಲ..." ಎಂದು ಬಾಯಿ ತೆರೆದಳು.

"ಅವ್ವಾ, ನಾವ್ ನೋಡ್ಕೋತೇವಿ. ನೀ ಸುಮ್ಮ ಕುಂದ್ರು" ಎಂದ ದೊಡ್ಡವ. ಗದರಿಸಲಿಲ್ಲ, ತಾಯಿಗೆ ವಿಶ್ರಾಂತಿ ಇರಲೆಂಬ ಪ್ರೀತಿಯಿಂದಲೇ ಅಂದ. ಆಕೆ ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕಟ್ಟೆಯ ಮೇಲೆ ಬಂದು ಕೂತಳು.

"ಕೇಳಿದೆಲ್ಲಾ?" ಎಂದಳು ಮೆಲ್ಲಗೆ. "ಆರ ದಿನ ಇದನ್ನ ಕೇಳ್ತೀನಿ. ಏಳನೇ ದಿನ ಎರಡ ಬಸ್ ಹತ್ತಿ ನಿನ್ನ ಮನಿಗೆ ಬರ್ತೀನಿ. ಅಲ್ಲಿ ನನ್ನ ಸರತಿ ಬಂದಾಗ ನೀವಿಬ್ರೂ ನನ್ನ ಮಾರಿ ನೋಡ್ತೀರಿ, ನಾ ಏನಂತೀನಂತ ಕಾಯ್ತೀರಿ. ಎಲಿ ಕೆಳಗಿಟ್ರ ಅದೂ ಹೋತು. ಗೆಲ್ಲಾಕ ಯಾರ ಬಂದಾರಬೇ? ನೀನೂ ಸುಮ್ಮ ಕುಂದ್ರ ಅಂದಿ."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಅಂಚೆಯ ಕೌಂಟರಿನ ಹಿಂದೆ ಕೂತು, ಎದುರಿಗೆ ಬಂದವರು ಬಾಯಿ ತೆರೆಯುವ ಮೊದಲೇ ಇವರು ಇಂಥವರು ಎಂದು ಮನಸ್ಸಿನಲ್ಲಿ ಮುದ್ರೆ ಒತ್ತಿದವಳು ನಾನು. ಎದುರು ಕೂತ ಗೆಳತಿಗೂ ಒತ್ತಿಬಿಟ್ಟಿದ್ದೆ. ಪ್ರತಿ ಸಲವೂ ಒಳ್ಳೆಯ ಎಲೆಗಾಗಿ ಕಾಯುತ್ತ ಅರ್ಧ ಮಧ್ಯಾಹ್ನ ಆಟದ ಹೊರಗೇ ಕೂಡುವ ಬಂಡೆ ನಾನು, ಎಲ್ಲ ಆಟದಲ್ಲೂ ಇರುವವಳು ಆಕೆ. ಇಬ್ಬರಲ್ಲಿ ಯಾರು ಗಟ್ಟಿ, ಯಾರು ಪೊಳ್ಳು? ಆ ಪೋಕರಿನ ಲೋಕದವರು ಏನೇ ಅನ್ನಲಿ, ನನಗಂತೂ ಇಂದಿಗೂ ಬಗೆಹರಿದಿಲ್ಲ.

"ತಪ್ಪಾತಬೇ" ಎಂದೆ. ಡಬ್ಬಿ ತೆಗೆದು ಶೇಂಗಾ ಎರಡು ಪಾಲು ಮಾಡಿ, ಅಲ್ಲೇ ಕಟ್ಟೆಯ ಮೇಲೆ ಎಲೆ ಹಾಕಿದೆ.

ನನಗೆ ಬಂದದ್ದು ಇಸ್ಪೀಟಿನ ಎರಡು, ಆಟೀನಿನ ಏಳು. ಪೋಕರಿನಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲವೆಂದು ಕಲಿತವರೆಲ್ಲ ಹೇಳುತ್ತಾರೆ. ಕೈ ಅಭ್ಯಾಸಬಲದಿಂದ ಕೆಳಗಿಡಲು ಇಳಿಯಿತು. ಅಕ್ಕಾತಾಯಿ ಒಂದು ಶೇಂಗಾ ಮುಂದೆ ತಳ್ಳಿ ನನ್ನ ಮುಖ ನೋಡುತ್ತಿದ್ದಳು. ನಾನೂ ಒಂದು ತಳ್ಳಿದೆ. ನಡುವಿನ ಎಲೆಗಳು ತೆರೆದುಕೊಳ್ಳುತ್ತ ಹೋದವು, ನನಗೆ ಏನೂ ಜೊತೆಯಾಗಲಿಲ್ಲ, ಆದರೂ ತಳ್ಳುತ್ತಲೇ ಹೋದೆ.

"ತೋರ್ಸ ನೋಡೂಣು" ಎಂದೆ ಕೊನೆಗೆ.

ಆಕೆಯದು ಎರಡು ಗುಲಾಮ. ನನ್ನ ಎಲೆ ನೋಡಿ ಕಣ್ಣರಳಿಸಿದಳು. "ಎವ್ವಾ, ಇದನ್ನ ಹಿಡ್ಕೊಂಡ ಇಷ್ಟ ದೂರ ಬಂದೀಯೇನಬೇ?" ಎಂದು ನಕ್ಕಳು, ಕರು ಬೆಚ್ಚಿ ಹಿಂದೆ ಸರಿಯುವಷ್ಟು ಜೋರಾಗಿ. ನಡುವೆ ಬಿದ್ದಿದ್ದ ಶೇಂಗಾ ಬಳಿದುಕೊಂಡು, ಅರ್ಧ ನನಗೆ ಕೊಟ್ಟು, ಉಳಿದರ್ಧ ಒಡೆದು ತಿನ್ನತೊಡಗಿದಳು. ಗೋದಲಿಯ ಕಡೆ ತಿರುಗಿ, "ಏ, ಆ ಎಮ್ಮಿ ಇನ್ನೂ ಎರಡ ಸೂಲ ಹಾಲ ಕೊಡತೈತಿ, ಮಾರಬ್ಯಾಡ್ರಿ!" ಎಂದು ಕೂಗಿದಳು. ಮಕ್ಕಳಿಬ್ಬರೂ ತಿರುಗಿ ಆಕೆಯ ಮುಖ ನೋಡಿದರು.

ಈ ರವಿವಾರ ಪಾತ್ರೆ ಬೋರಲು ಹಾಕಿ ಶೇಂಗಾ ಹುರಿದೆ. ಮೂರು ಪಾಲು ಮಾಡಿದೆ, ಮೂರನೆಯದನ್ನು ತುಸು ದೊಡ್ಡದು ಮಾಡಿದೆ. ಎಲ್ಲ ಆಟ ಆಡುವವಳಿಗೆ ಹೆಚ್ಚು ಬೇಕಾಗುತ್ತದೆ.