ಚೋಲ್ವೆ ಸವತಿಯನ್ನು ಕರೆಯಲು ಹೋದದ್ದು

ಸವತಿ ಲುಯಾಂಡೊ ತವರಿಗೆ ಓಡಿಹೋದಳೆಂದು ತಿಳಿದಾಗ ಚೋಲ್ವೆಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಪಕ್ಕದ ಮನೆ ನನ್ನದು, ನನ್ನ ಅಂಗಳಕ್ಕೆ ಚೋಲ್ವೆಯ ಅಂಗಳ ಕಾಣುತ್ತದೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಸವತಿಯ ಮುಚ್ಚಿದ ಬಾಗಿಲ ಕಡೆ ನೋಡುತ್ತಾ ಒಲೆಯ ಮೇಲಿಟ್ಟ ಸೊಪ್ಪನ್ನು ಸೀಯಿಸುತ್ತಿದ್ದಳು.

ಚೋಲ್ವೆ ಹಬೇಂಜುವಿನ ಮೊದಲ ಹೆಂಡತಿ. ನಮ್ಮ ಟೊಂಗಾ ಜನರಲ್ಲಿ ಪ್ರತಿ ಹೆಂಡತಿಗೂ ಬೇರೆ ಮನೆ, ಬೇರೆ ಒಲೆ, ಬೇರೆ ಹೊಲ. ಲುಯಾಂಡೊ ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿದ್ದೇ ಕಡಿಮೆ.

"ನೀನೇ ಹೋಗಿ ಕರ್ಕೊಂಡ್ ಬಾ. ಹಿರೀಳು ನೀನು," ಎಂದ ಹಬೇಂಜು.

"ಓಡಿಹೋದೋಳು ನಿನ್ನ ಹೆಂಡ್ತಿ. ನಾನ್ಯಾಕೆ ಹೋಗ್ಲಿ?"

"ನಾನು ಹೋದ್ರೆ ಅವರಪ್ಪ ದಂಡ ಅಂತ ಹಸು ಕೇಳ್ತಾನೆ ಕಣೇ."

ಕೊನೆಗೆ ಹೊರಟಳು. ಅವನ ಮಾತಿಗಲ್ಲ, ಮನೆಯಲ್ಲಿ ಕೂರಲಾಗದೆ.

ಲುಯಾಂಡೊ ತಾಯಿಯ ಮನೆಯ ನೆರಳಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. "ಏನಕ್ಕಾ, ನನ್ನ ಹಿಡ್ಕೊಂಡು ಹೋಗೋಕೆ ನಿನ್ನ ಕಳ್ಸಿದ್ನಾ?" ಎಂದು ಕೊಂಕು ತೆಗೆದಳು.

"ಯಾಕೆ ಬಂದ್ಬಿಟ್ಟೆ? ನಾನೇನಾದ್ರೂ ಅಂದೆನಾ?"

"ನಿಂಗೊತ್ತೇ ಇಲ್ವಾ? ನನ್ನ ಹೊಲದ ಕಡಲೆಕಾಯೆಲ್ಲಾ ಮಾರಿ ಹಸು ತಂದಿದಾನೆ. ಮೂರನೇ ಹೆಂಡ್ತಿ ಅಪ್ಪನಿಗೆ ತೆರ ಅಂತ ಕೊಡೋಕಂತೆ! ಸೊಂಟ ಮುರ್ಕೊಂಡು ಕಿತ್ತೋಳು ನಾನು."

ಚೋಲ್ವೆ ಎದ್ದಳು, ಮತ್ತೆ ಕೂತಳು. ಲುಯಾಂಡೊ ಬರುವ ಮುಂಚಿನ ಸುಗ್ಗಿಯಲ್ಲಿ ತನ್ನ ಜೋಳದ ಕಣಜವೂ ಹೀಗೆಯೇ ಬರಿದಾಗಿತ್ತು. ದನಕ್ಕೆ ರೋಗ, ಔಷಧಿ ತರಬೇಕು ಎಂದಿದ್ದ ಗಂಡ.

"ಹಂಗಾದ್ರೆ ನೀನು ಬಂದಿದ್ದು ನನ್ನ ಜೋಳದಿಂದ," ಎಂದಳು. ಲುಯಾಂಡೊ ನಕ್ಕೇಬಿಟ್ಟಳು. ಚೋಲ್ವೆಗೆ ನಗುವೂ ಬಂತು, ಕಣ್ಣೀರೂ ಬಂತು.

ಮರುದಿನ ಇಬ್ಬರೂ ಜೊತೆಯಲ್ಲೇ ಬಂದರು. ಎರಡೂ ಒಲೆಗಳು ಹೊತ್ತಿದವು. ಹಬೇಂಜು ಕೈ ತೊಳೆದು ಕೂತ. ಮುದ್ದೆ ಬರಲಿಲ್ಲ.

"ಏನ್ರೇ, ಇವತ್ತು ಊಟ ಇಲ್ವಾ?"

"ಮೂರನೇಯೋಳು ಬಂದು ಬಡಿಸ್ತಾಳೆ, ಕಾಯ್ತಾ ಇರು," ಎಂದಳು ಲುಯಾಂಡೊ.

ಅವನು ಕೂಗಾಡಿದ. ಆಮೇಲೆ ತಮ್ಮನ ಮನೆಯಲ್ಲಿ ಉಂಡ. ತಮ್ಮನ ಹೆಂಡತಿಯ ಮುಖ ದಿನದಿಂದ ದಿನಕ್ಕೆ ಊದಿಕೊಂಡಿತು. "ಇಬ್ಬರು ಹೆಂಡಿರ ಗಂಡ ಉಪವಾಸ ನೋಡ್ರೋ!" ಎಂದು ಹೆಂಡ ಕುಡಿಯಲು ಕೂತವರು ಗೇಲಿ ಮಾಡಿದರು. ಕೊನೆಗೆ ಊರ ಮುಖ್ಯಸ್ಥನ ಎದುರಿಗೇ ಆ ಹಸುವಿನ ಹಗ್ಗವನ್ನು ಲುಯಾಂಡೊಳ ಕೈಗೆ ಕೊಡಬೇಕಾಯಿತು. ಅವಳು ಅದನ್ನು ನೇರ ತವರಿಗೆ ಹೊಡೆದುಕೊಂಡು ಹೋಗಿ ಕಟ್ಟಿಬಂದಳು.

ಆದರೂ ಮೂರನೆಯವಳು ಬರುತ್ತಿದ್ದಾಳೆ. ಈ ಸಲ ಅವನು ತನ್ನ ಎತ್ತುಗಳನ್ನೇ ಕೊಟ್ಟಿದ್ದಾನೆ. ಅಂಗಳದಾಚೆ ಹೊಸ ಮನೆಯ ಗೋಡೆ ಏಳುತ್ತಿದೆ. ಚೋಲ್ವೆ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಾಳೆ, ಬಂದು ತನ್ನ ಕಣಜದ ಬೀಗ ಎಳೆದು ನೋಡುತ್ತಾಳೆ.

"ಆ ಹುಡುಗಿಗೆ ಮೊದಲ ದಿನವೇ ಎಲ್ಲಾ ಹೇಳ್ಬಿಡೋಣ್ವಾ?" ಎಂದು ನಿನ್ನೆ ಲುಯಾಂಡೊಳನ್ನು ಕೇಳುತ್ತಿದ್ದಳು.

"ಮೊದಲು ಅವಳು ಉಣ್ಲಿ ಬಿಡಕ್ಕಾ," ಎಂದಳು ಲುಯಾಂಡೊ.