ಫೋನು ನನ್ನ ಪರವಾಗಿ ಹೇಳಿದ ‘ಸರಿ’

ಬೆಳಿಗ್ಗೆ ಮುದ್ದೆ ತಿರುವುತ್ತಿದ್ದೆ. ಕೋಲು ಬಲಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳೋಣ ಎಂದರೆ ಕೈ ಏಳಲಿಲ್ಲ. ‘ಏನ್ರಿ’ ಎಂದು ಗಂಡನನ್ನು ಕೂಗಲು ಹೋದೆ.

ಬಾಯಿ ತೆರೆಯಿತು. ಮಾತು ಬರಲಿಲ್ಲ.

ಹಿರೇಗುಂಟನೂರಿನಿಂದ ದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಖ ಒಂದು ಕಡೆ ಜಗ್ಗಿತ್ತು. ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರು ಸ್ಟ್ರೋಕ್ ಅಂದರು. ‘ಕೈಕಾಲು ಸುಧಾರಿಸ್ತವೆ. ಮಾತಿಗೆ ಸ್ಪೀಚ್ ಥೆರಪಿ ಮಾಡಿಸ್ರಿ. ಅವರೇ ಕಷ್ಟಪಟ್ಟು ಮಾತಾಡ್ಬೇಕು,’ ಎಂದರು. ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳ ಮೇಲೆ ಕೂಗಾಡಿ, ಸಂಜೆ ಮನೆಗೆ ಬಂದು ಗಂಡನನ್ನೂ ಕುರಿಯನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ ಹೆಂಗಸು ನಾನು. ಈಗ ಎಲ್ಲ ಗೊತ್ತಾಗುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದೆ.

ಹೊಸದುರ್ಗದಿಂದ ಬಂದ ಮಗಳು ನನ್ನ ಫೋನಿಗೆ ಒಂದು ಎಐ ಆ್ಯಪ್ ಹಾಕಿದಳು. ಎದುರಿನವರ ಪ್ರಶ್ನೆ ಕೇಳಿಸಿಕೊಂಡು ಅದು ತಾನೇ ಮೂರು ಉತ್ತರ ತೋರಿಸುತ್ತದೆ. ಒಂದನ್ನು ಒತ್ತಿದರೆ ನನ್ನ ಪರವಾಗಿ ಮಾತಾಡುತ್ತದೆ. ‘ದಯವಿಟ್ಟು ಸ್ವಲ್ಪ ನೀರು ಕೊಡುವಿರಾ?’ ಎಂದು ಅದು ಕೇಳಿದ ದಿನ ಯಜಮಾನರು ಚೊಂಬು ಹಿಡಿದುಕೊಂಡು ಗಾಬರಿಯಿಂದ ನನ್ನನ್ನೇ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನಿಂದ ‘ದಯವಿಟ್ಟು’ ಕೇಳಿರಲಿಲ್ಲ, ಪಾಪ. ಎಲ್ಲರಿಗೂ ಅನುಕೂಲವಾಯಿತು. ನನಗೂ. ಬಾಯಿ ಸೊಟ್ಟ ಮಾಡಿಕೊಂಡು ಒದ್ದಾಡುವುದು ತಪ್ಪಿತಲ್ಲ ಎಂದು ಥೆರಪಿಯ ಅಭ್ಯಾಸ ಬಿಟ್ಟೇಬಿಟ್ಟೆ.

ಒಂದು ಸಂಜೆ ಯಜಮಾನರು ಪಕ್ಕದಲ್ಲಿ ಕೂತು, ‘ನಿನ್ ಕೆಂಪಿನ ಕೊಟ್ಬಿಡಾಣ ಅಂತ. ನಿನ್ನೂ ನೋಡ್ಕಂಡು ಕುರಿನೂ ಮೇಯ್ಸಾಕೆ ನನ್ ಕೈಲಿ ಆಗ್ತಿಲ್ಲ. ಏನಂತೀಯ?’ ಅಂದರು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಕುರಿಯ ಸಂತಾನ ಈ ಕೆಂಪಿ. ತವರಿನದು ಅಂತ ನನಗೆ ಉಳಿದಿರುವುದು ಅದೊಂದೇ. ಫೋನು ‘ಸರಿ’, ‘ನಿಮ್ಮಿಷ್ಟ’, ‘ಯೋಚಿಸೋಣ’ ಎಂದು ತೋರಿಸಿತು. ನನ್ನ ಉತ್ತರ ಅದರಲ್ಲಿರಲಿಲ್ಲ. ಅವರ ಮುಖ ಬಾಡಿತ್ತು, ನನಗೂ ಸಾಕಾಗಿತ್ತು. ‘ಸರಿ’ ಒತ್ತಿದೆ.

ಮಾರನೆಯ ದಿನ ವ್ಯಾಪಾರಿ ಬಂದು ಕೆಂಪಿಯ ಕೊರಳಿಗೆ ಹಗ್ಗ ಹಾಕಿದ. ಅದು ಕಾಲೂರಿ ನಿಂತು, ಕಟ್ಟೆಯ ಮೇಲಿದ್ದ ನನ್ನ ಕಡೆ ತಿರುಗಿ ಅರಚಿತು. ಫೋನು ಒಳಗೆ ಚಾರ್ಜಿಗಿತ್ತು. 

‘ಬಿಡಲೇ, ಮೂದೇವಿ.’

ಅಂದದ್ದು ಯಾರೆಂದು ನಾನೇ ಸುತ್ತ ನೋಡಿದೆ. ವ್ಯಾಪಾರಿ ಹಗ್ಗ ಬಿಟ್ಟ. ಯಜಮಾನರು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ, ‘ನಿನ್ನೆ ಸರಿ ಅಂದ್ಯಲ್ಲೇ,’ ಎಂದರು.

ತಲೆ ಅಲ್ಲಾಡಿಸಿ, ಒಳಗಿದ್ದ ಫೋನಿನ ಕಡೆ ಕೈ ತೋರಿಸಿದೆ.

ಯಜಮಾನರು ಎದ್ದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ‘ಇನ್ಮ್ಯಾಲೆ ನಾ ಕೇಳಿದ್ದಕ್ಕೆ ನೀನೇ ಹೇಳು. ಎಷ್ಟೊತ್ತಾದ್ರೂ ಆಗ್ಲಿ, ಕುಂತ್ಕಂತೀನಿ,’ ಅಂದರು.

ಬೈಗುಳ ಮೊದಲು ಬರುವುದುಂಟು ಎಂದು ಡಾಕ್ಟರು ನಕ್ಕರು. ಉಳಿದ ಮಾತು ಎಷ್ಟು ಬರುತ್ತದೋ ಹೇಳಲಾಗದು ಎಂದೂ ಹೇಳಿದರು. ಥೆರಪಿ ಮತ್ತೆ ಶುರುವಾಗಿದೆ. ಇದನ್ನು ಎಡಗೈಯಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿದ್ದೇನೆ, ತಪ್ಪುಗಳನ್ನು ಮಗಳು ತಿದ್ದುತ್ತಾಳೆ. ಔಷಧಿ ಅಂಗಡಿಯಲ್ಲಿ ಈಗಲೂ ಫೋನೇ ಮಾತಾಡುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಯಜಮಾನರು ಮೊದಲಿನಿಂದಲೂ ಅವಸರದ ಮನುಷ್ಯ. ನಿನ್ನೆ ಒಲೆಯ ಮೇಲೆ ಹಾಲಿಟ್ಟು, ‘ಟೀ ಮಾಡ್ಲೋ, ಕಾಫಿ ಮಾಡ್ಲೋ?’ ಎಂದು ಕೇಳಿ ನನ್ನೆದುರು ಕೂತರು. ಒಂದು ಅಕ್ಷರಕ್ಕಾಗಿ ನಾನು ಬಾಯಿ ತೆರೆದು, ಮುಚ್ಚಿ, ತಿಣುಕುತ್ತಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಸುರಿಯಿತು. ಅವರು ಏಳಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು.