ಒಗೆಯುವ ಕಲ್ಲಿನ ಮಾಸಿದ ಸಾಲು

ಆಗೆಲ್ಲ ಮೆಹದಿಪಟ್ಟಣಂನ ನಮ್ಮ ಗಲ್ಲಿಯ ಮನೆಗಳಿಗೆ ಹಿತ್ತಲಿತ್ತು, ಹಿತ್ತಲಿಗೊಂದು ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ನೆರೆಯವರೊಡನೆ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕಲಬುರಗಿ ಕಡೆಯ ಮಾತು. ಸಾಬೂನು, ಪಾಚಿಯ ವಾಸನೆಯ ಆ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಚೀಪುವುದು ನನ್ನ ಹಕ್ಕೆಂದೇ ತಿಳಿದಿದ್ದೆ.

ಅಜ್ಜ ನಿಜಾಮರ ಕಾಲದಲ್ಲಿ ಪುರಾತತ್ವ ಇಲಾಖೆಯಲ್ಲಿದ್ದವರು. ಇಲಾಖೆ ಆಗಿನ್ನೂ ಹೊಸದು. ಸಾಹೇಬರ ಹಿಂದೆ ಎತ್ತಿನ ಗಾಡಿಯಲ್ಲಿ ಊರೂರು ಸುತ್ತಿ ಶಾಸನಗಳ ಅಚ್ಚು ತೆಗೆಯುವುದು ಅವರ ಕೆಲಸ. ಇವರು ಕಲ್ಲು ತೊಳೆಯುವುದನ್ನು ಕಂಡರೆ ಸಾಕು, ನಿಧಿ ತೆಗೆಯಲು ಬಂದವರೆಂದು ಊರಿಗೆ ಊರೇ ಸುತ್ತ ನಿಲ್ಲುತ್ತಿತ್ತಂತೆ. ಕಣ್ಣಿಗೆ ಕಾಣದ ಅಕ್ಷರವನ್ನು ಓದಬಾರದು ಎಂಬುದು ಸಾಹೇಬರು ಕಲಿಸಿದ ಪಾಠ. ನಿವೃತ್ತಿಯಾದರೂ ಅಜ್ಜ ಅದನ್ನು ಬಿಟ್ಟಿರಲಿಲ್ಲ.

ಆ ಬೇಸಿಗೆ ಬಾವಿಕಟ್ಟೆ ರಿಪೇರಿಗೆ ಬಂದವರು ಒಗೆಯುವ ಕಲ್ಲನ್ನು ಮಗುಚಿದರು. ಅಡಿಯಲ್ಲಿ ಸೂರ್ಯ, ಚಂದ್ರ, ಸಾಲು ಸಾಲು ಹಳಗನ್ನಡ! ಮೇಲಿನ ಸಾಲುಗಳು ಮಾಸಿದ್ದವು. ಅಜ್ಜ ಕುಕ್ಕರಗಾಲಲ್ಲಿ ಕೂತು ಕೆಳಗಿನವನ್ನು ಗಟ್ಟಿಯಾಗಿ ಓದಿ, ಅರ್ಥವನ್ನೂ ಹೇಳಿಬಿಟ್ಟರು. ಬಾವಿಗೆಂದು ಬಿಟ್ಟ ದಾನ ಇದು, ಕೆಡಿಸಿದವರಿಗೆ ಕಾಶಿಯಲ್ಲಿ ಹಸು ಕೊಂದ ಪಾಪ. ಅವರ ಮಗಳು, ಅಂದರೆ ನನ್ನ ಅತ್ತೆ, ಚೊಚ್ಚಲ ಹೆರಿಗೆಗೆ ಬಂದವಳು ಬಾಗಿಲಲ್ಲೇ ನಿಂತಿದ್ದಳು. ಶಾಸನ ಕಂಡರೆ ಅಜ್ಜನಿಗೆ ಸುತ್ತಲಿನ ಮನುಷ್ಯರು ಕಾಣುತ್ತಿರಲಿಲ್ಲ.

ಅಜ್ಜಿ ಕುಸಿದು ಕೂತಳು. “ಇಷ್ಟು ವರ್ಷ ಇದರ ಮ್ಯಾಲೆ ಮೈಲಿಗಿ ಬಟ್ಟಿ ಒಗದೀನ್ರಿ. ಆ ಪಾಪ ನನ್ನ ಮಗಳ ಹೊಟ್ಟಿಗೆ ತಟ್ಟಿದ್ರ ಏನ್ ಮಾಡ್ಲಿ?”

ಅಂದು ಅವಳು ಉಣ್ಣಲಿಲ್ಲ. ಮರುದಿನವೂ ರೊಟ್ಟಿ, ಪುಂಡಿಪಲ್ಯ ತಟ್ಟೆಯಲ್ಲೇ ಒಣಗಿದವು. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೂಲೆ ಹಿಡಿದಳು.

ಅಮ್ಮನಿಗೆ ತಡೆಯಲಾಗಲಿಲ್ಲ. “ಮಾವನೋರ, ಇಂಥ ಕಲ್ಲಿನ್ಯಾಗ ಕಾಪಾಡಿದವರಿಗೆ ಪುಣ್ಯ ಅಂತನೂ ಬರದಿರ್ತಾರ ಅಂತ ನೀವೇ ಹೇಳ್ತಿದ್ರಿ. ಮಾಸಿದ ಸಾಲಿನ್ಯಾಗ ಅದೇ ಐತಿ ಅಂದುಬಿಡ್ರಿ. ಅತ್ತಿಯವರು ಒಂದು ತುತ್ತರ ಉಣ್ತಾರ.”

“ಇರಬಹುದವ್ವಾ. ಆದರ ನನಗ ಕಾಣಾಕತ್ತಿಲ್ಲ. ಕಾಣದ್ದು ಹೆಂಗ ಹೇಳ್ಲಿ?”

ನನಗೆ ಅಜ್ಜನ ಮೇಲೆ ಕೆಂಡದಂಥ ಸಿಟ್ಟು ಬಂತು. ಒಂದು ಸುಳ್ಳು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ಅಜ್ಜ ಎದ್ದು ಹಳೆಯ ಟ್ರಂಕು ತೆರೆದರು. ಕಲ್ಲು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕುಂಚದಿಂದ ಪಟಪಟನೆ ಬಡಿಯತೊಡಗಿದರು. ಕಾಗದ ಅಕ್ಷರಗಳ ತಗ್ಗಿಗೆ ಇಳಿಯಬೇಕು, ಅರೆಬರೆ ಒಣಗಬೇಕು, ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಉರಿಬಿಸಿಲಲ್ಲಿ ಅವರ ಬನಿಯನ್ನು ಬೆನ್ನಿಗೆ ಅಂಟಿತ್ತು. ನಾನು ಕೊಡೆ ಹಿಡಿದು ನಿಂತೆ, ಸಿಟ್ಟಿನಲ್ಲೇ.

ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರಗಳು ಎದ್ದವು, ಕಲ್ಲಿನಲ್ಲಿ ಕಾಣದಿದ್ದವೂ. ಅಜ್ಜ ಬೆರಳಿಟ್ಟು ಮೆಲ್ಲಗೆ ಓದಿದರು. ಆಮೇಲೆ ಅಜ್ಜಿಯನ್ನು ಕೂಗಿದರು, “ಏ, ಹೊರಗ ಬಾ! ಈ ಬಾವಿ ಕಾದವರಿಗೆ ಕಾಶಿಯೊಳಗ ಗೋದಾನ ಮಾಡಿದ ಪುಣ್ಯ ಅಂತ ಐತಿ. ವರ್ಷಾ ವರ್ಷಾ ಹೂಳು ತೆಗಿಸಿ ಬಾವಿ ಕಾದಾಕಿ ಯಾರು? ನೀನೇ ಅಲ್ಲೇನು?”

“ಖರೇನ? ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಲ್ಲ?”

ಒಳಗಿಂದ ಅತ್ತೆ ನಕ್ಕಳು. “ಸಮಾಧಾನಕ್ಕ ಹೇಳೋನಾಗಿದ್ರ ಅಪ್ಪ ನಿನ್ನೆನೇ ಹೇಳ್ತಿದ್ದ, ಅವ್ವಾ.”

ಅಜ್ಜಿ ಕಣ್ಣೊರೆಸಿಕೊಂಡು ನೇರ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ನನಗಂತೂ ಎದೆಯ ಮೇಲಿನ ಭಾರ ಇಳಿದು, ಹಸಿವಿನ ನೆನಪಾಯಿತು. ಆ ತಿಂಗಳೇ ಅತ್ತೆಗೆ ಸಲೀಸಾಗಿ ಹೆಣ್ಣುಮಗು ಹುಟ್ಟಿತು. ಅಜ್ಜಿ ಕಲ್ಲಿಗೆ ಕುಂಕುಮ ಹಚ್ಚಿದಳು. ಅಕ್ಷರಗಳು ಹಾಳಾಗುತ್ತವೆಂದು ಅಜ್ಜ ಜಗಳ ತೆಗೆದರು. ಮನೆ ಮೊದಲಿನಂತಾಯಿತು.

ಕಲ್ಲು ಈಗ ಮ್ಯೂಸಿಯಮ್ಮಿನ ಅಂಗಳದಲ್ಲಿದೆ, ಬಾವಿಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅಜ್ಜ, ಅಜ್ಜಿ ಇಬ್ಬರೂ ಇಲ್ಲ. ಹೋದ ತಿಂಗಳು ನನ್ನ ಸ್ಕ್ಯಾನಿಂಗ್ ರಿಪೋರ್ಟಿಗೆ ಕಾಯುತ್ತಿದ್ದಾಗ ನೆಂಟರೆಲ್ಲ ಫೋನಿನಲ್ಲಿ “ಏನೂ ಆಗಲ್ಲ ಬಿಡು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಆದರೂ ನನ್ನ ಹೆದರಿಕೆ ಹೋಗಲಿಲ್ಲ. “ಕಾಣಾಕತ್ತಿಲ್ಲ” ಎಂದು ಖಂಡಿತವಾಗಿ ಹೇಳಿ, ಆಮೇಲೆ ಕಾಗದ ಒದ್ದೆ ಮಾಡಿಕೊಂಡು ಬಿಸಿಲಿಗೆ ಇಳಿಯುವವರು ನನಗೆ ಈಗ ಯಾರೂ ಇಲ್ಲ.